ಅಪ್ಪ ನೇಯ್ದ ಸೆರಗು

ಅನು,

ಅಜ್ಜಿನ್ನ ಕರಕೊಂಡು ನಾ ಮುಂದ ಬಸ್‌ಸ್ಟ್ಯಾಂಡಿಗೆ ಹೊಂಟೇನಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟೇನಿ, ತಗೊಂಡು ಬಾ. ಆಧಾರ ಕಾರ್ಡ ಮರೀಬ್ಯಾಡ. ಬಾಗಲಕೋಟಿ ತನಕ ಟಿಕೀಟು ಅಪ್ಪಗ ಅಷ್ಟ, ಹೆಣ್ಮಕ್ಕಳಿಗೆ ಫ್ರೀ.

ಅಪ್ಪನ್ನ ಬಿಟ್ಟು ಬರಬ್ಯಾಡ. ಹೋದ ಸಲ ಅಲ್ಲಿ ವಿದ್ಯಾಗಿರಿ ಪಾರ್ಕಿನ್ಯಾಗ ತಾವು ನೇಯ್ದ ಸೀರಿ ಉಟ್ಟಾಕಿನ್ನ ಕಂಡು, ಸೀರಿ ಮೈಗೆ ಸೆರಗು ಕೂಡಿಸಿದ ಎಳಿ ಹೆಂಗ ಕುಂತಾವು ಅಂತ ನೋಡಾಕ ಸೆರಗು ಹಿಡಿದು ಬೈಸಿಕೊಂಡ್ರಲ್ಲ, ಅದಕ್ಕ "ಮಗ್ಗ ಬಿಟ್ಟು ಬರಾಂಗಿಲ್ಲ" ಅಂತಾರ. ನಿನ್ನೆ ಅದನ್ನ ನೆನಸಿ ನೀ ನಕ್ಕಿದ್ದು ಅವರಿಗೆ ಕೇಳಿಸೇತಿ. ಇಸ್ತ್ರಿ ಮಾಡಿದ ಅಂಗಿ ಗೂಟಕ್ಕ ಐತಿ, ಕೊಡು.

ಇವತ್ತು ಪಾರ್ಕಿನ್ಯಾಗ ಅಂಥ ಸೀರಿ ಕಂಡ್ರ ನಾನ ಹೋಗಿ, "ಅಕ್ಕಾರ, ಒಂಚೂರು ಸೆರಗು ತೋರಸ್ರಿ, ನೇಯ್ದವರು ಇವರ" ಅಂತ ಕೇಳ್ತೇನಿ. ಹಿಂಗಂತ ಅವರಿಗೆ ಹೇಳು. ಮೂವತ್ತು ವರ್ಷ ನೇಯ್ದವರು, ಉಟ್ಟಿದ್ದನ್ನ ಒಮ್ಮೆ ಕಣ್ತುಂಬ ನೋಡ್ಲಿ.

ಅವ್ವ