ಕೂಡದ ಪೈಪು

ಅಗ್ನಿಶಾಮಕ ಠಾಣೆ,
ಸೋಮವಾರ ಬೆಳಿಗ್ಗೆ

ಪ್ರೀತಿಯ ಪುಟ್ಟು,

ಮಹಾಸಭೆಯ ಸದಸ್ಯನಿಗೆ ಪುಟ್ಟು ಅಂತ ಬರೆಯಬಾರದೇನೋ. ನಿನ್ನ ಮೂಗು ಒರೆಸಿದ ಅಕ್ಕ ನಾನು, ಸಹಿಸಿಕೋ. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಲು ಕೈ ಬರುತ್ತಿಲ್ಲ. ಅಮ್ಮನ ಸುದ್ದಿ ಕೊನೆಗೆ ಬರೆಯುತ್ತೇನೆ.

ನಾಲ್ಕು ರಾಜ್ಯ ಸೇರಿ ಒಂದು ಸರ್ಕಾರ ಆಗಬೇಕೋ ಬೇಡವೋ ಅಂತ ನಾಳೆ ನೀನು ಮತ ಹಾಕಬೇಕು. ಬೇಡ ಅಂತ ನೀನು ಮಾಡಿದ ಭಾಷಣ ರೇಡಿಯೋದಲ್ಲಿ ಕೇಳಿದೆ. ನಮ್ಮ ಮನೆಗೆ ನಮ್ಮದೇ ಬೀಗ ಅಂದಾಗ ಠಾಣೆಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಶನಿವಾರ ದರ್ಜಿ ಓಣಿಗೆ ಬೆಂಕಿ ಬಿತ್ತು. ನಮ್ಮ ಒಂದೇ ಗಾಡಿ ಸಾಲಲಿಲ್ಲ. ಸೇತುವೆಯಾಚೆಯ ರಾಜ್ಯದ ಗಾಡಿ ಗಂಟೆ ಬಾರಿಸುತ್ತ ಓಡಿ ಬಂತು. ಆದರೆ ಅವರ ಪೈಪಿನ ಬಾಯಿ ನಮ್ಮ ಬೀದಿ ನಲ್ಲಿಗೆ ಕೂಡಿಕೊಳ್ಳಲೇ ಇಲ್ಲ. ನಮ್ಮದು ತಿರುಪು, ಅವರದು ಕೊಕ್ಕೆ. ಅವರ ಚಾಲಕ ತನ್ನ ಅಂಗಿ ಬಿಚ್ಚಿ ಸುತ್ತಿ, ಕೈಯಿಂದ ಒತ್ತಿ ಹಿಡಿದ. ನೀರೆಲ್ಲ ನಮ್ಮ ಕಾಲಿಗೆ ಸುರಿಯಿತು, ಓಣಿ ಕಣ್ಣೆದುರೇ ಬೂದಿಯಾಯಿತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಒಪ್ಪಂದ ಇತ್ತಲ್ಲ ಅಂತೀಯ. ಇತ್ತಪ್ಪಾ. ಎಲ್ಲರೂ ಒಂದೇ ಬಗೆಯ ಪೈಪು ಇಡಬೇಕೆಂದು ನಾಲ್ಕೂ ರಾಜ್ಯದವರು ಸಹಿ ಹಾಕಿ, ಕೈಕುಲುಕಿ, ಮನೆಗೆ ಹೋಗಿ ಮಲಗಿದರು. ಯಾಕೆ ಮಾಡಲಿಲ್ಲ ಅಂತ ಕಿವಿ ಹಿಂಡುವವರು ಯಾರೂ ಇರಲಿಲ್ಲ. ಆ ಅಧಿಕಾರ ಇಲ್ಲದ ಒಕ್ಕೂಟ ಬರೀ ಚಹಾಕೂಟ ಕಣೋ.

ದೊಡ್ಡ ಸರ್ಕಾರ ನಮ್ಮನ್ನು ನುಂಗಿಬಿಡುತ್ತದೆ ಅನ್ನುವ ಭಯ ನನಗೂ ಇದೆ. ಮೂಗುದಾರ ಹಾಕು, ನಿನ್ನನ್ನು ಅಲ್ಲಿಗೆ ಕಳಿಸಿದ್ದೇ ಅದಕ್ಕೆ. ಶಾಲೆ, ಹೊಲ, ಮಾತು ನಮ್ಮ ಕೈಯಲ್ಲೇ ಇರಲಿ. ಬೆಂಕಿ, ನದಿ, ಸೇತುವೆ ಎಲ್ಲರಿಗೂ ಸೇರಿದ ಒಂದು ಕೈಗೆ ಹೋಗಲಿ. ಆ ಸರ್ಕಾರ ಹುಟ್ಟಲೇ ಬೇಡ ಅಂತ ಮಾತ್ರ ಹೇಳಬೇಡ.

ಬಸ್ ಕಂಡಕ್ಟರ್ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಹೂಂ ಅಂತಲೋ ಉಹೂಂ ಅಂತಲೋ ತೀರ್ಮಾನಿಸಿದ ಮೇಲೇ ಹಾಳೆ ತಿರುಗಿಸು.

ನಿನ್ನ ಅಕ್ಕ,
ಮಸಿಮೂತಿ

ಮರೆತದ್ದಲ್ಲ, ಬೇಕೆಂದೇ ಹಾಳೆಯ ಹಿಂಬದಿಗೆ ಇಟ್ಟದ್ದು: ಶನಿವಾರ ಅಮ್ಮ ದರ್ಜಿ ಓಣಿಯಲ್ಲೇ ಇದ್ದಳು, ನಾಳೆಯ ಸಭೆಗೆ ನಿನ್ನ ಕೋಟು ಸರಿಮಾಡಿಸಲು. ಬದುಕಿದ್ದಾಳೆ. ಕೈ, ಬೆನ್ನು ಸುಟ್ಟಿದೆ. ಅದೇ ಚಾಲಕ ಯಾರ ಅಪ್ಪಣೆಗೂ ಕಾಯದೆ ಆಚೆ ದಡದ ಆಸ್ಪತ್ರೆಗೆ ಸೇರಿಸಿದ. ಸೇತುವೆ ಕಾವಲಿನವರು ನನ್ನನ್ನು ದಾಟಲು ಬಿಡುತ್ತಿಲ್ಲ. ಮೊದಲೇ ಬರೆದಿದ್ದರೆ ನೀನು ಅಮ್ಮನಿಗೋಸ್ಕರ ಮತ ಹಾಕಿಬಿಡುತ್ತಿದ್ದೆ. ನನಗೆ ಅದು ಬೇಡ. ಮತ ಹಾಕಿದವನೇ ಓಡಿ ಬಾ, ಸದಸ್ಯರನ್ನು ತಡೆಯುವುದಿಲ್ಲವಂತೆ. ಎಚ್ಚರವಾದಾಗ ಅಮ್ಮ ಕೇಳಿದ್ದು ಒಂದೇ, ಕೋಟು ಉಳಿಯಿತಾ ಅಂತ; ಸೇತುವೆಯ ಬಳಿ ಬಂದು ಅವನೇ ತಿಳಿಸಿದ. ಉಳಿದಿದೆ ಅಂತ ಆ ಚಾಲಕನ ಕೈಲಿ ಸುಳ್ಳು ಹೇಳಿಸಿದ್ದೇನೆ. ಅದೇ ಬಣ್ಣದ್ದೊಂದು ಹಾಕಿಕೊಂಡು ಬಾ.