ಮೇಣ ಬಿಡದ ಹತ್ತಿ

ಪ್ರೀತಿಯ ಲುತ್ಫಿ ಕಾಕಾ,

ಟ್ರಾಮ್ ನಿಲ್ದಾಣದ ಹಿಂದಿನ ಓಣಿಯಿಂದ ವೇಪ್ ಅಂಗಡಿಯ ವಗ್ದಿ ಬರೆಯುತ್ತಿದ್ದೇನೆ. ಬೆಳಗಿನಿಂದ ಸಿಗರೇಟಿನ ಬದಲು ಆವಿ ಸೇದುವ ಹದಿನೇಳು ಜನರ ಯಂತ್ರಗಳಿಗೆ ಹೊಸ ಬತ್ತಿ ಹಾಕಿದ್ದೇನೆ, ಹದಿನೇಳು ಜನರ ಜೊತೆಗೂ ನಗುನಗುತ್ತಾ ಮಾತಾಡಿದ್ದೇನೆ. ಈಗ ದವಡೆ ನೋಯುತ್ತಿದೆ, ಅಂಗಿಯೆಲ್ಲ ಯಂತ್ರಕ್ಕೆ ಬಿಡುವ ದ್ರವದ ಮಾವಿನ ಹಣ್ಣಿನ ವಾಸನೆ. ಬರೀ ಬಾಯಿ ಬಂಡವಾಳದಿಂದ ಅಂಗಡಿ ಕಟ್ಟಿದವನು ನಾನು. ಆದರೆ ಆಡಲೇಬೇಕಾಗಿದ್ದ ಒಂದು ಮಾತನ್ನು ಆ ದಿನ ಆಡಲಿಲ್ಲ. ಎದುರು ನಿಂತು ಹೇಳುವ ಧೈರ್ಯ ಇನ್ನೂ ಬಂದಿಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಮಗಳು ನಗ್ವಾ ನಿಮ್ಮನ್ನು ಕೈಹಿಡಿದು ಕರೆತಂದ ದಿನ ನೆನಪಿದೆಯೇ? ಸಿಗರೇಟು ಬಿಡದಿದ್ದರೆ ಪುಪ್ಪುಸ ಬಿಟ್ಟುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ನೀವು ನನ್ನ ಗಾಜಿನ ಕಪಾಟನ್ನು ನೋಡಿ, "ಐವತ್ತೆರಡು ವರ್ಷ ಸೇದಿದವಗ ಈ ಪೀಪಿ ಕೊಡ್ತೀಯೇನೋ?" ಎಂದಿರಿ. ನಾನು ಹತ್ತಿಯ ಪಟ್ಟಿ ಕತ್ತರಿಸಿ, ಹೊಸೆದು, ತಂತಿಯ ಸುರುಳಿಯೊಳಗೆ ಪೋಣಿಸತೊಡಗಿದೆ. ನೀವು ತಟ್ಟನೆ ನನ್ನ ಮುಂಗೈ ಹಿಡಿದಿರಿ. "ಇದಕ್ಕ ಹತ್ತಿ ಅಂತಾರೇನೋ ತಮ್ಮಾ? ಇದು ಕಿವಿ ಒರಸೂ ಮಾಲು!"

ಅಲೆಕ್ಸಾಂಡ್ರಿಯಾದ ಬಂದರಿನ ಹತ್ತಿ ಕಟ್ಟೆಯಲ್ಲಿ ನಲವತ್ತು ವರ್ಷ ಹತ್ತಿಗೆ ದರ್ಜೆ ಕಟ್ಟಿದವರು ನೀವು ಎಂದು ಆಗಲೇ ನನಗೆ ಗೊತ್ತಾಗಿದ್ದು. ಎರಡು ಹೆಬ್ಬೆರಳ ನಡುವೆ ಒಂದು ಎಳೆ ಜಗ್ಗಿ, ಅದು ಯಾವ ಊರಿನ ಹೊಲದ್ದೆಂದು ಹೇಳುವ ಕೈ. ಆ ಕೈ ನನಗೆ ಗಿಡ್ಡ ಎಳೆಗಳನ್ನು ಆರಿಸಿ ಬಿಸಾಡುವುದನ್ನು ಕಲಿಸಿತು, ತುದಿ ಬಾಚುವುದನ್ನು ಕಲಿಸಿತು. ಬಿಗಿಯಾದರೆ ದ್ರವ ಏರದು, ಸಡಿಲಾದರೆ ಸೋರುತ್ತದೆ ಎಂದು ನಾನು ಹೇಳಿದರೆ, ನೀವು, "ಬತ್ತಿ, ಹೊಸ ಸೊಸಿ ಮನಿಯೊಳಗ ಬಂದಂಗ ಹೋಗಬೇಕಲೇ. ತುಸು ಹಟ, ತುಸು ನಾಚಿಕಿ" ಎಂದಿರಿ. ಅಂದಿನಿಂದ ನಾಲ್ಕು ದಿನಕ್ಕೊಮ್ಮೆ ಬಂದು ನಿಮ್ಮ ಬತ್ತಿ ನೀವೇ ಹಾಕಿಕೊಂಡಿರಿ. ಬೆರಳಿಗೆ ಕೆಲಸ ಸಿಕ್ಕಿತು, ಸಿಗರೇಟು ತಾನಾಗಿ ಜಾರಿತು. ಸಿಗರೇಟಿಲ್ಲದ ನೂರ ಹದಿನಾಲ್ಕು ದಿನ. ನಿಮಗಿಂತ ಹೆಚ್ಚು ನಾನೇ ಎಣಿಸಿದ್ದೆ.

ನೂರ ಹದಿನೈದನೆಯ ದಿನ ನೀವು ಚೀಲ ಹಿಡಿದು ಬಂದಿರಿ. ಹಳೆಯ ಜೊತೆಗಾರರೊಬ್ಬರು ನೈಲ್ ಬಯಲಿನಿಂದ ಕಳಿಸಿದ್ದ ಹೊಸ ಬೆಳೆಯ ಹತ್ತಿ, ಬೀಜ ಬಿಡಿಸಿ ನೇರವಾಗಿ ತಂದದ್ದು. "ನೋಡ್ರೋ, ರೇಷ್ಮಿ ತಲಿ ತಗ್ಗಸಬೇಕು! ಇವತ್ತ ಇದರದ್ದ ಬತ್ತಿ" ಎಂದು ಅಂಗಡಿಯ ಬೆಂಚಿನ ಮೇಲಿದ್ದ ಗಿರಾಕಿಗಳಿಗೆಲ್ಲ ತೋರಿಸಿದಿರಿ.

ಕಾಕಾ, ಹಸಿ ಹತ್ತಿಯ ಮೈಮೇಲೆ ಮೇಣವಿರುತ್ತದೆ. ನೂಲುವವನಿಗೆ ಅದು ವರ; ಎಳೆ ಸಲೀಸಾಗಿ ಜಾರುತ್ತದೆ. ಜೀವಮಾನವಿಡೀ ನೀವು ಅದನ್ನು ಗುಣವೆಂದೇ ತೂಗಿದವರು. ಬತ್ತಿಗೆ ಅದೇ ಶತ್ರು. ಸೋಡಾ ಹಾಕಿ ಕುದಿಸಿ ಮೇಣ ಬಿಡಿಸದಿದ್ದರೆ ಹತ್ತಿ ದ್ರವವನ್ನು ಕುಡಿಯುವುದೇ ಇಲ್ಲ. ಇದು ನನಗೆ ಗೊತ್ತಿತ್ತು. ಆ ದಿನ ನೀವು ಹತ್ತಿ ತೋರಿಸುತ್ತಿರಲು ಬತ್ತಿ ನಾನೇ ಹಾಕಿ ಮೊದಲ ಹನಿ ಬಿಟ್ಟಾಗ ಅದು ಎಳೆಯ ಮೇಲೆ ಮಣಿಯ ಹಾಗೆ ಕೂತಿತು. ಅದನ್ನು ಯಾರೂ ಕಾಣದಂತೆ ಉಗುರಿನಿಂದ ಒರೆಸಿಬಿಟ್ಟೆ. ಅಷ್ಟು ಜನರೆದುರು ಲುತ್ಫಿ ಕಾಕಾಗೆ ಹತ್ತಿಯ ಪಾಠ ಹೇಳುವುದು ಹೇಗೆ ಎಂದುಕೊಂಡೆ. ಇನ್ನೂ ನಿಜ ಹೇಳಲೇ? ನೀವು ಬಂದು ಕೂತರೆ ನನ್ನ ಬೆಂಚು ತುಂಬುತ್ತಿತ್ತು. ನೀವು ಮುನಿಸಿಕೊಂಡು ಹೋಗುವುದು ನನಗೆ ಬೇಕಿರಲಿಲ್ಲ.

ಬತ್ತಿ ಹಾಕಿದವನೇ ಮೊದಲ ದಮ್ಮು ಎಳೆದು ನೋಡಿ ಗಿರಾಕಿಗೆ ಕೊಡಬೇಕು, ಅದು ನಮ್ಮ ಕಸುಬಿನ ನೇಮ. ಆ ದಿನ ನಾನು, "ಮೊದಲ ಮರ್ಯಾದಿ ಹಿರಿಯರಿಗೆ" ಎಂದು ಎರಡೂ ಕೈಯಿಂದ ನಿಮಗೆ ಕೊಟ್ಟೆ. ಬಗ್ಗಿ ಬೇರೆ ಕೊಟ್ಟೆ. ದ್ರವ ಕುಡಿಯದ ಬತ್ತಿ ಒಣಗಿದ್ದಂತೆಯೇ ಸುಟ್ಟು, ಅದರ ಹೊಗೆ ನಿಮ್ಮ ಗಂಟಲಿಗೆ ಇಳಿಯಿತು. ನೀವು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಿರಿ. ಬೆಂಚಿನ ಮೇಲಿದ್ದ ಟ್ಯಾಕ್ಸಿ ಓಡಿಸುವ ಶೌಕಿ ನಕ್ಕ: "ಏನ್ ಕಾಕಾ, ರೇಷ್ಮಿ ಗಂಟಲಾಗ ಸಿಕ್ಕೊಂತೇನು?" ನೀವು ಚೀಲದೊಳಗೆ ಕೈ ಹಾಕಿದಿರಿ. ಒಂದು ಎಳೆ ಜಗ್ಗಿ ನೋಡಿದಿರಿ, ಮತ್ತೊಂದು ಜಗ್ಗಿದಿರಿ, ಚೀಲ ಬಿಟ್ಟು ಎದ್ದು ಹೋದಿರಿ. ಮೂಲೆಯ ಗೂಡಂಗಡಿಯ ಮುಂದೆ ನೀವು ಸಿಗರೇಟು ಕೊಂಡು ಬೆಂಕಿಕಡ್ಡಿ ಗೀರಿದ್ದನ್ನು ಇಲ್ಲಿಂದಲೇ ನೋಡಿದೆ.

ಮೊನ್ನೆ ನಗ್ವಾ ಬಂದಿದ್ದಳು. "ಅಪ್ಪ ದಿನಾ ಎರಡು ಪಾಕೀಟು ಸೇದ್ತಾನಣ್ಣ. ಮೆಟ್ಟಲಾ ಹತ್ತೂವಾಗ ಮೂರ್ ಕಡೆ ಕೂಡ್ತಾನ. ಕೇಳಿದ್ರ, ಹತ್ತಿ ಗುರ್ತಾ ಸಿಗದ ಕೈ ಇದು, ಇನ್ನ ಯಾಕ ಉಳಸ್ಕೋಬೇಕು ಅಂತಾನ" ಎಂದಳು. ಸಿಗರೇಟಿನ ಸುದ್ದಿ ನಾನು ತಡೆದುಕೊಳ್ಳುತ್ತಿದ್ದೆ. ಆ ಕೈಯ ಮಾತು ತಡೆಯಲಾಗಲಿಲ್ಲ.

ನೀವು ಬಿಟ್ಟುಹೋದ ಚೀಲವನ್ನು ಮನೆಗೊಯ್ದೆ. ನನ್ನ ಹೆಂಡತಿ ಇನ್ಶಿರಾ, "ಅವರೆ ಬೇಯಿಸೂ ಪಾತ್ರ್ಯಾಗ ಗಾದಿ ಕುದಸ್ತೀಯೇನು?" ಎಂದು ಬೈದಳು. ಮೂರು ಸಲ ಕುದಿಸಿದೆ, ಆರು ಸಲ ತೊಳೆದೆ, ಎರಡು ದಿನ ನೆರಳಲ್ಲಿ ಒಣಗಿಸಿದೆ. ಬತ್ತಿ ಹಾಕಿ ಹನಿ ಬಿಟ್ಟರೆ, ಬಿಟ್ಟ ಹನಿ ಕಾಣಲೇ ಇಲ್ಲ. ಮೊದಲ ದಮ್ಮು ನಾನೇ ಎಳೆದೆ. ಅಂಗಡಿ ಹಾಕಿದ ಒಂಬತ್ತು ವರ್ಷದಲ್ಲಿ ಇಂಥ ಹತ್ತಿ ನನ್ನ ಕೈಗೆ ಬಂದಿರಲಿಲ್ಲ. ಇವತ್ತು ಬೆಂಚು ತುಂಬಿದ್ದಾಗ ಎಲ್ಲವನ್ನೂ ಹೇಳಿದೆ, ಉಗುರಿನಿಂದ ಒರೆಸಿದ ಹನಿಯನ್ನೂ ಸೇರಿಸಿ. ಶೌಕಿ, "ನೀ ಸುಮ್ಮನಿದ್ದದ್ದು ಇದೊಂದ ಸಲ ನೋಡಪಾ, ಅದೂ ತಪ್ಪ ಜಾಗಾದಾಗ" ಎಂದ.

ನಿಮ್ಮನ್ನು ಅಂಗಡಿಗೆ ಕರೆಯಲು ಇದನ್ನು ಬರೆಯುತ್ತಿಲ್ಲ, ಕಾಕಾ. ನಾನು ಮಾರುವ ಹೊಗೆಯೂ ಹಾಲಲ್ಲ, ಅದು ನನಗೂ ಗೊತ್ತು. ಇನ್ನೆಂದೂ ನನ್ನ ಹೊಸ್ತಿಲು ತುಳಿಯಬೇಡಿ, ನನ್ನ ಮುಖ ನೋಡಬೇಡಿ, ಆದೀತು. ಆದರೆ ಆ ಗೂಡಂಗಡಿಗೂ ಹೋಗಬೇಡಿ. ಹತ್ತಿ ಮೊದಲ ದರ್ಜೆಯದು. ನೀವು ಹೇಳಿದ್ದು ಸರಿಯಿತ್ತು.

ನಿಮ್ಮ ಕೈ ತಣ್ಣಗಿರಲಿ ಎಂದು ಬೇಡಿಕೊಳ್ಳುವ,
ವಗ್ದಿ