ಮಾವನ ಎಲೆ

ತಮ್ಮಾ ತಿಮ್ಮರಾಜು,

ನೀನೆಲ್ಲಿದ್ದೀಯೋ ಗೊತ್ತಿಲ್ಲ, ಈ ಕಾಗದ ಎಲ್ಲಿಗೂ ಹೋಗಲ್ಲ. ಆದ್ರೂ ಇವತ್ತಿನ ಸಂತೋಷ ನಿನಗಲ್ಲದೆ ಇನ್ಯಾರಿಗೆ ಹೇಳ್ಲಿ.

ಕಾಡುಹಂದಿಗೆ ಅಂತ ನೀನು ಹೊಡೆದ ಗುಂಡು ನನ್ನ ಮಗಳು ಚೈತ್ರಳ ಭುಜಕ್ಕೆ ಬಿತ್ತಲ್ಲ, ಅದರ ಗಾಯ ನೀನು ಊರು ಬಿಟ್ಟ ಸ್ವಲ್ಪ ದಿನಕ್ಕೇ ಮಾಗಿತು. ಭಯ ಮಾತ್ರ ಹೋಗಲಿಲ್ಲ. ಒಗ್ಗರಣೆ ಸಿಡಿದ್ರೂ ಮಂಚದ ಕೆಳಗೆ ಸೇರ್ಕೊಳ್ತಿದ್ಲು. ಮಡಕಶಿರದ ಡಾಕ್ಟರಮ್ಮ, "ಎಳೆದು ತರಬೇಡಿ, ಜೊತೇಲಿ ಕೂತ್ಕೊಳ್ಳಿ" ಅಂದಿದ್ರು. ನಾನೂ ಮಂಚದ ಕೆಳಗೆ ಕೂರ್ತಿದ್ದೆ.

ಇವತ್ತು ಅಮರಾಪುರದಲ್ಲಿ ಕದರಮ್ಮತ್ತೆ ಮಗಳ ಮದುವೆ. ಗಂಡಿನವರು ಬಂದ ಕೂಡಲೇ ಪಟಾಕಿ ಸರ ಹಚ್ಚಿದ್ರು. ನಾನು ಚೈತ್ರಳನ್ನ ಹುಡುಕ್ಕೊಂಡು ಓಡಿದೆ. ಅವಳು ಯಾರದೋ ಅಳೋ ಕೂಸನ್ನ ತೊಡೆ ಮೇಲೆ ಕೂರಿಸ್ಕೊಂಡು, ಎರಡೂ ಕೈಯಿಂದ ಅದರ ಕಿವಿ ಮುಚ್ಚಿ, "ಪಟಾಕಿ ಕಣೋ, ಈಗ ಮುಗಿಯುತ್ತೆ" ಅಂತ ನಗ್ತಿದ್ಲು.

ಊಟಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸಿದ್ಲು. ಯಾರಿಗೆ ಅಂದೆ.

"ಮಾವಂಗೆ. ನಾನೀಗ ಹೆದರಲ್ಲ ಅಂತ ಗೊತ್ತಾದ್ರೆ ಬರ್ತಾನೆ."

ಮಜ್ಜಿಗೆ ಬಡಿಸೋವರೆಗೂ ಕಾದ್ಲು. ಆಮೇಲೆ ನಿನ್ನ ಎಲೆಯ ಲಾಡೂ ತಾನೇ ತಿಂದು, "ಮಾವ ಬಂದ ಮೇಲೆ ಅವನಿಗೆ ಬೇರೆ ಮಾಡಿಕೊಡಮ್ಮ" ಅಂದ್ಲು.

ನಿನ್ನ ಅಕ್ಕ